ಎಟಿಎಂ ಬಾಗಿಲ ರಾಯಭಾರಿ

ದಾವಣಗೆರೆಯ ನಮ್ಮ ಬಡಾವಣೆಯ ಎಟಿಎಂ ಮುಂದೆ ನಿವೃತ್ತ ಹವಾಲ್ದಾರರೊಬ್ಬರು ಕೂರುತ್ತಾರೆ. 17 ವರ್ಷ ಸೇನೆಯಲ್ಲಿದ್ದು ಗಡಿ ಕಾಯ್ದವರು; ಈಗ ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಒಳಗೆ ದುಡ್ಡೇ ಇರದ ಯಂತ್ರವನ್ನು ಕಾಯುತ್ತಾರೆ. ಮೊನ್ನೆ ಅವರ ಮುಂದೆ ಪತ್ರಿಕೆ ಬಿಡಿಸಿ, ಅನುಭವಿ ಸೇನಾಧಿಕಾರಿಯೊಬ್ಬರನ್ನು ರಾಯಭಾರಿಯಾಗಿ ನೇಮಿಸಿದ ಸುದ್ದಿ ಓದಿದೆ. ಸೇನೆಯ ಅನುಭವ ದೇಶದೇಶಗಳ ಮಾತುಕತೆಗೆ ಬಹಳ ಉಪಯೋಗಕ್ಕೆ ಬರುತ್ತದಂತೆ. ಹವಾಲ್ದಾರರು ಕುರ್ಚಿಯಡಿ ಸಿಕ್ಕಿಸಿದ್ದ ರಟ್ಟನ್ನು ಸರಿಪಡಿಸುತ್ತಾ, “ಅನುಭವ ನನಗೂ ಇತ್ತಲ್ಲ ಮೇಷ್ಟ್ರೇ, ನನಗೆ ಲಾಠಿ ಕೊಟ್ಟರು” ಎಂದರು.

ಅನುಭವಕ್ಕೂ ದರ್ಜೆಯಿರುತ್ತದೆ ಎಂದು ಅವರಿಗೆ ಹೇಗೆ ಹೇಳಲಿ? ನಮ್ಮ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದ ಕೂಡಲೇ ಆಸ್ಟ್ರೇಲಿಯಾಕ್ಕೆ ಹೈಕಮಿಷನರ್, ಅಂದರೆ ರಾಯಭಾರಿಯೇ, ಆಗಿ ಹೋದರು. ಬಿಳಿಯರಿಗಷ್ಟೇ ಬಾಗಿಲು ತೆರೆದಿದ್ದ ಆ ದೇಶದ ವಲಸೆ ನೀತಿಯನ್ನು ಅಲ್ಲಿಯೇ ನಿಂತು ಟೀಕಿಸಿದರು. (ಅತಿಥಿ ಮಾಡಬಾರದ ಕೆಲಸ, ನನಗೆ ಅವರ ಮೇಲೆ ಗೌರವ ಹೆಚ್ಚಿದ್ದೇ ಅದಕ್ಕೆ.) 1962ರಲ್ಲಿ ಚೀನಾ ಎದುರು ಸೋತ ಮೇಲೆ ಭೂಸೇನೆಯ ಮುಖ್ಯಸ್ಥ ಜನರಲ್ ಥಾಪರ್ ಹುದ್ದೆ ಬಿಟ್ಟರು, 1964ರಲ್ಲಿ ಕಾಬೂಲಿಗೆ ರಾಯಭಾರಿ. ಉಕ್ರೇನ್ ಇನ್ನೂ ಚುರುಕು. ಯುದ್ಧ ನಡೆಯುತ್ತಿರುವಾಗಲೇ, 2024ರಲ್ಲಿ, ಜನ ಮೆಚ್ಚಿದ್ದ ದಂಡನಾಯಕ ಝಲುಜ್ನಿಯನ್ನು ಕೆಳಗಿಳಿಸಿ ಲಂಡನ್ನಿನ ರಾಯಭಾರ ಕಚೇರಿಗೆ ಕಳಿಸಿತು. ಹಿರಿಯ ಮಗನ ಮಾತು ಮನೆಯಲ್ಲಿ ಹೆಚ್ಚಾಯಿತೆಂದರೆ, “ಹರಿಹರದ ಅಂಗಡಿ ನೀನೇ ನೋಡಿಕೊಳ್ಳಪ್ಪ, ನಿನ್ನಷ್ಟು ಅನುಭವ ಯಾರಿಗಿದೆ” ಎಂದು ಬಸ್ ಹತ್ತಿಸುವ ವಿದ್ಯೆ ನಮ್ಮ ಮಂಡಿಪೇಟೆಯ ಯಜಮಾನರಿಗೂ ಗೊತ್ತು.

ಹವಾಲ್ದಾರರಿಗೆ ಇದಾವುದೂ ರುಚಿಸಲಿಲ್ಲ. ಅವರಿಗೆ ಹಿಡಿಸಿದ್ದು ಮೀಸೆಯ ಕಥೆ. ಅಮೆರಿಕ ನೌಕಾಪಡೆಯ ನಿವೃತ್ತ ಅಡ್ಮಿರಲ್ ಹ್ಯಾರಿ ಹ್ಯಾರಿಸ್ 2018ರಲ್ಲಿ ದಕ್ಷಿಣ ಕೊರಿಯಾಕ್ಕೆ ರಾಯಭಾರಿಯಾದರು. ಸೇನೆ ಬಿಟ್ಟ ಖುಷಿಗೆ ಮೀಸೆ ಬಿಟ್ಟರು. ಕೊರಿಯಾದವರಿಗೆ ಅದರಲ್ಲಿ ತಮ್ಮನ್ನು ಆಳಿದ್ದ ಜಪಾನೀ ಗವರ್ನರ್‌ಗಳ ಮೀಸೆ ಕಂಡಿತು. ಹ್ಯಾರಿಸ್ ಅವರ ತಾಯಿ ಜಪಾನಿನವರು ಬೇರೆ. ಕ್ಷಿಪಣಿ, ಸೈನ್ಯ, ವ್ಯಾಪಾರ ಎಲ್ಲ ಹಿಂದೆ ಬಿದ್ದು ಮೀಸೆಯೇ ಚರ್ಚೆಯಾಯಿತು. 2020ರ ಜುಲೈನಲ್ಲಿ ಅವರು ಅಲ್ಲಿನದೇ ಕ್ಷೌರದಂಗಡಿಯಲ್ಲಿ ಕುಳಿತು ಬೋಳಿಸಿಕೊಂಡರು. ಕಾರಣ? ಸೆಕೆ, ಮಾಸ್ಕ್. ನನ್ನ ಪ್ರಕಾರ ಆ ಮನುಷ್ಯ ರಾಯಭಾರಿಯಾದದ್ದು ಆ ಉತ್ತರ ಕೊಟ್ಟ ದಿನ.

“ಮೀಸೆ ತೆಗೆಯಬೇಕು ಎಂದರೆ ನನಗೆ ಆ ಕೆಲಸವೇ ಬೇಡ” ಎಂದು ಹವಾಲ್ದಾರರು ತಮ್ಮದನ್ನು ಹುರಿಗೊಳಿಸಿದರು.

ಅಷ್ಟರಲ್ಲಿ ಪಿಂಚಣಿಯ ಕಾರ್ಡ್ ಹಿಡಿದ ಅಜ್ಜಿಯೊಬ್ಬರು ಬಂದರು. ಈ ವಾರ ಅವರದು ಮೂರನೆಯ ಭೇಟಿ. ಯಂತ್ರದಲ್ಲಿ ದುಡ್ಡಿಲ್ಲ ಎಂದು ಹವಾಲ್ದಾರರು ಹೇಳಲಿಲ್ಲ. ಇದೆ ಎಂದೂ ಹೇಳಲಿಲ್ಲ. ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟರು. “ಕೂತುಕೊಳ್ಳಿ ತಾಯಿ, ಮೇಲಿನವರ ಜೊತೆ ಮಾತುಕತೆ ನಡೆಯುತ್ತಿದೆ. ಒಳ್ಳೆಯ ವಾತಾವರಣದಲ್ಲಿಯೇ ನಡೆಯುತ್ತಿದೆ.”

ಅಜ್ಜಿ ರಟ್ಟು ಜಾರದಂತೆ ಹುಷಾರಾಗಿ ಕುಳಿತರು.