ಅಜ್ಜಿಯ ನೆರಳನ್ನು ಅಳಿಸಬೇಡಿ

ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಗೆ ಮಧ್ಯಾಹ್ನ ಮೂರಕ್ಕೇ ಸಂಜೆ. ನಡುಮನೆಯ ಮಾಡಿಗೆ ಒಂದೇ ಒಂದು ಗಾಜಿನ ಹಂಚು. ಅದರಡಿ ಮಣೆ ಹಾಕಿಕೊಂಡು ಅಜ್ಜಿ ಅಡಿಕೆ ಆರಿಸುತ್ತ ಕೂರುತ್ತಿದ್ದಳು, ಬೆಟ್ಟೆ ಒಂದು ಕಡೆ, ಗೊರಬಲು ಒಂದು ಕಡೆ. ಅರ್ಧ ಮುಖಕ್ಕೆ ಬೆಳಕು. ಉಳಿದರ್ಧ ಎಲ್ಲಿ ಮುಗಿದು ಕತ್ತಲೆ ಎಲ್ಲಿ ಶುರುವಾಯಿತು ಅಂತ ಗೊತ್ತಾಗುತ್ತಿರಲಿಲ್ಲ.

ಹಾಗೆ ಕೂತಾಗ ಮಾವ ಒಂದು ಫೋಟೋ ತೆಗೆದಿದ್ದರು. ಅಜ್ಜಿ ಹೋದಮೇಲೆ ಅದನ್ನೇ ದೊಡ್ಡದು ಮಾಡಿಸಲು ಪೇಟೆಯ ಸ್ಟುಡಿಯೋ ಒಂದಕ್ಕೆ ಕೊಟ್ಟೆವು. ವೈಕುಂಠದ ದಿನ ಫ್ರೇಮ್ ಬಂತು. ಮುಖ ಬೆಳ್ಳಗೆ, ಸುಕ್ಕಿಲ್ಲ, ಹಿಂದೆ ನೀಲಿ ಬಣ್ಣ. ಬೆರಳಿಗೆ ಹತ್ತಿ ಹೋಗದೇ ಉಳಿದಿದ್ದ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರಿನ, ಕಲೆಯನ್ನೂ ತೊಳೆದುಬಿಟ್ಟಿದ್ದರು. ನೋಡಿದವರೆಲ್ಲ ಚೆನ್ನಾಗಿ ಬಂದಿದೆ ಅಂದರು. ನನಗೆ ಅದರಲ್ಲಿ ಅಜ್ಜಿ ಇವತ್ತಿಗೂ ಸಿಕ್ಕಿಲ್ಲ.

ಸಿಕ್ಕಿದ್ದು ಡಚ್ ಚಿತ್ರಕಾರ ರೆಂಬ್ರಾಂಟನ ಒಂದು ಎಚ್ಚಿಂಗಿನಲ್ಲಿ, ಅಂದರೆ ತಾಮ್ರದ ತಗಡಿನಿಂದ ಕಾಗದಕ್ಕೆ ಒತ್ತಿದ ಚಿತ್ರದಲ್ಲಿ. ಸುಮಾರು 1631ರದ್ದು, ಅವನಿಗೆ ಆಗ 25ರ ಆಸುಪಾಸು. ಮೇಜಿನ ಪಕ್ಕ ಕೂತ ಮುದುಕಿ, ತಲೆಯಿಂದ ಇಳಿದ ಕಪ್ಪು ಮುಸುಕು, ಸುಮ್ಮನೆ ಮಡಿಸಿಟ್ಟ ಕೈ. ಕಲಾವಿದನ ತಾಯಿ ಅಂತಲೇ ಅದಕ್ಕೆ ಹೆಸರು.

ಆ ಕೆಲಸದ ರೀತಿ ತಿಳಿದಮೇಲೆ ಚಿತ್ರದ ಮೇಲಿನ ಪ್ರೀತಿ ಇನ್ನೂ ಹೆಚ್ಚಾಯಿತು. ತಾಮ್ರದ ತಗಡಿಗೆ ಮೇಣದ ಲೇಪ ಕೊಟ್ಟು ಸೂಜಿಯಲ್ಲಿ ಗೀರುತ್ತಾರೆ. ಆಸಿಡ್‌ಗೆ ಹಾಕಿದರೆ ಗೀರಿದ ಕಡೆ ಮಾತ್ರ ತಾಮ್ರ ಸವೆದು ಗೆರೆ ಬೀಳುತ್ತದೆ. ಆಮೇಲೆ ಮೇಣ ತೆಗೆದು, ಶಾಯಿ ಬಳಿದು, ಒರೆಸಿ, ಒದ್ದೆ ಕಾಗದವಿಟ್ಟು ಪ್ರೆಸ್ಸಿನಲ್ಲಿ ಒತ್ತಬೇಕು. ಗೆರೆಯೊಳಗೆ ಕೂತ ಶಾಯಿ ಕಾಗದಕ್ಕೇರುತ್ತದೆ, ಎಡ ಬಲವಾಗಿ. ಇದರಲ್ಲಿ ಬಿಳಿ ಶಾಯಿಯೇ ಇಲ್ಲ. ಗೆರೆಯ ಮೇಲೆ ಗೆರೆ ಹಾಕಿ ಕತ್ತಲೆಯನ್ನು ಕಟ್ಟಬೇಕು, ಬೆಳಕು ಬೇಕಾದಲ್ಲಿ ಕೈ ತಡೆಯಬೇಕು. ಆ ತಾಯಿಯ ಹಣೆ ಬೆಳಗುತ್ತಿದ್ದರೆ ಅಲ್ಲಿ ಮಗ ಸೂಜಿ ಎತ್ತಿದ್ದಾನೆ ಅಂತ ಅರ್ಥ.

(ನಮ್ಮ ಸಾಗರದ ಕಡೆಯ ದೀವರ ಹೆಂಗಸರ ಹಸೆಚಿತ್ತಾರದಲ್ಲಿ ಇದು ತಿರುಗುಮುರುಗು. ಕೆಮ್ಮಣ್ಣಿನ ಗೋಡೆ ಹಾಗೇ ಇರುತ್ತದೆ, ಪುಂಡಿನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಬಿಳಿ ಗೆರೆ ಎಳೆಯುತ್ತಾರೆ. ಅದರ ಬಗ್ಗೆ ಇನ್ನೊಮ್ಮೆ ಬರೀತೀನಿ.)

ನಾವೀಗ ನೆರಳು ಕಂಡರೆ ಸಾಕು, ಕೊಳೆ ಕಂಡಹಾಗೆ ಉಜ್ಜುತ್ತೇವೆ. ಫೋನೇ ಕೇಳದೆ ಉಜ್ಜಿಕೊಡುತ್ತದೆ. ಇಡೀ ಆಯುಷ್ಯ ಹೊಗೆ ತುಂಬಿದ ಅಡಿಗೆಮನೆಯಲ್ಲಿ, ಅಡಿಕೆ ಬೇಯಿಸುವ ಒಲೆಯ ಮುಂದೆ ಕಳೆದವಳ ಮುಖದಿಂದ ಕತ್ತಲೆ ತೆಗೆದರೆ ಅವಳು ಬದುಕಿದ ಮನೆಯನ್ನೇ ತೆಗೆದಂತೆ. ದಯವಿಟ್ಟು ನಿಮ್ಮ ಮನೆಯ ಹಿರಿಯರ ಮೂಲ ಫೋಟೋಗಳನ್ನು ಕಳೆಯಬೇಡಿ.

ಹೋದ ವಾರ ಮಾವನ ಹಳೇ ಫೋನಿನಿಂದ ಆ ಫೋಟೋ ಹುಡುಕಿಸಿದೆ. ಶಿವಮೊಗ್ಗಕ್ಕೆ ಹೋಗಿ, ಪ್ರಿಂಟ್ ಹಾಕುವ ಹುಡುಗನ ಪಕ್ಕದಲ್ಲೇ ನಿಂತು "ಏನೂ ಮುಟ್ಟಬೇಡ ಮಾರಾಯ, ಹೇಗಿದೆಯೋ ಹಾಗೇ ತೆಗಿ" ಅಂದೆ. "ಡಾರ್ಕ್ ಬರುತ್ತೆ ಸಾರ್" ಅಂದ. ಬರಲಿ ಅಂದೆ. ಈಗ ನಡುಮನೆಯ ಗೋಡೆ ಮೇಲಿದೆ. ಕತ್ತಲೆಯಲ್ಲಿ ಅರ್ಧ ಮುಖ, ಮಡಿಲಲ್ಲಿ ಕೈ, ಹೆಬ್ಬೆರಳ ತುದಿಗೆ ಚೊಗರು.