ಹರೆಯದ ಮಕ್ಕಳಿಗೆ ಆನ್‌ಲೈನ್ ಕೌನ್ಸೆಲಿಂಗ್ ಹುಡುಕುವ ನಮ್ಮ ಭಾಗದ ಪಾಲಕರಿಗೆ

ಪಿಯುಸಿ, ನೀಟ್ ಫಲಿತಾಂಶದ ಹೊತ್ತಿಗೆ ನಮ್ಮ ಕಡೆ ಮನೆಮನೆಯಲ್ಲೂ ಕೇಳುವ ಮಾತು: "ಹುಡುಗ ಮೊದಲಿನಂಗ ಇಲ್ರಿ. ಊಟ ಬಿಟ್ಟಾನ, ರಾತ್ರಿ ಮಲಗೂದಿಲ್ಲ, ಮಾತಾಡ್ಸಿದ್ರ ಸಿಡಕ್ತಾನ. ಆನ್‌ಲೈನ್ ಕೌನ್ಸೆಲಿಂಗ್ ಯಾವುದು ಚಲೋ ಐತಿ?" ಮಗು ಧಾರವಾಡದ ಸಪ್ತಾಪುರದ ಪಿಜಿಯಲ್ಲಿ, ಅಪ್ಪ-ಅವ್ವ ರೋಣದಲ್ಲೋ ಹಾನಗಲ್ಲಿನಲ್ಲೋ ಇದ್ದಾಗ ಆನ್‌ಲೈನ್ ನಿಜಕ್ಕೂ ಉಪಯೋಗದ ದಾರಿ. ಆದರೆ "ಯಾವ ಆ್ಯಪ್?" ಎಂದು ಶುರು ಮಾಡಿದರೆ ಹುಡುಕಾಟ ಹಾದಿ ತಪ್ಪುತ್ತದೆ. ಆ್ಯಪ್ ಬರೀ ಬಾಗಿಲು, ಮಗು ಮಾತಾಡುವುದು ಬಾಗಿಲಿನ ಜೊತೆಗಲ್ಲ. ಒಳಗೆ ಯಾರು ಕೂತಿದ್ದಾರೆ ಎಂದು ತಿಳಿಯುವ ತನಕ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ನಾನು ಮೊದಲು ಕೇಳುವುದು ಭಾಷೆ. ಕನ್ನಡ ಮಾಧ್ಯಮದಲ್ಲಿ ಹತ್ತನೇ ಇಯತ್ತೆ ಮುಗಿಸಿದ ಹುಡುಗಿ ಇಂಗ್ಲಿಷಿನ ಕೌನ್ಸೆಲರ್ ಎದುರು "ಐ ಆ್ಯಮ್ ಸ್ಯಾಡ್" ಎಂದು ಸುಮ್ಮನಾಗುತ್ತಾಳೆ. ತನ್ನ ಮಾತಿನಲ್ಲಾದರೆ "ಎದಿ ಮ್ಯಾಲ ಕಲ್ಲಿಟ್ಟಂಗ ಆಗ್ತೈತಿ", "ಯಾತಕ್ಕೂ ಮನಸಾಗವಲ್ದು" ಎನ್ನುತ್ತಾಳೆ. ಅದಕ್ಕಿಂತ ಮುಖ್ಯವಾದದ್ದು "ಸಾಕಾಗೈತ್ರಿ" ಎಂಬ ಮಾತು. ಸಾಕಾದದ್ದು ಕೋಚಿಂಗೋ, ಹಾಸ್ಟೆಲ್ಲೋ, ಬದುಕೋ? ಅದನ್ನು ದನಿಯಲ್ಲೇ ಹಿಡಿದು ಮರುಪ್ರಶ್ನೆ ಕೇಳಬಲ್ಲವರು ನಮ್ಮ ಮಾತು ಬಲ್ಲವರೇ ಆಗಿರಬೇಕು. ಉರ್ದು ಮಾತಾಡುವ ಹಳೇ ಹುಬ್ಬಳ್ಳಿಯ ಮಗುವಿಗೆ, ಗದಗಿನ ತಾಂಡಾದ ಲಂಬಾಣಿ ಮಗುವಿಗೆ ಕನ್ನಡವೂ ಎರಡನೇ ಭಾಷೆಯೇ ಇರಬಹುದು. ಯಾವ ಭಾಷೆಯಲ್ಲಿ ಅಳು ಬರುತ್ತದೆಂದು ಮಗುವನ್ನೇ ಕೇಳಿ ತಿಳಿದುಕೊಳ್ಳಿ. ಪಟ್ಟಿಯಲ್ಲಿ "ಕನ್ನಡ" ಎಂದು ಬರೆದಿದ್ದರೆ ಸಾಲದು, ಐದು ನಿಮಿಷ ನೀವೇ ಫೋನಿನಲ್ಲಿ ಮಾತಾಡಿ ನೋಡಿ.

ಆಮೇಲೆ ಅರ್ಹತೆ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು, ಮಾತ್ರೆ ಬರೆಯಬಲ್ಲವರು. ಅವರಿಗೆ ವೈದ್ಯಕೀಯ ಪರಿಷತ್ತಿನ ನೋಂದಣಿ ಇರುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ. ಪರೀಕ್ಷೆ, ಥೆರಪಿ ಅವರ ಕೆಲಸ. ಅವರು 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಾಯಿಸಿಕೊಂಡಿರಬೇಕು. ಆ ನೋಂದಣಿಗೆ ಸಿಆರ್‌ಆರ್ ಸಂಖ್ಯೆ ಎನ್ನುತ್ತಾರೆ, ಆರ್‌ಸಿಐ ಜಾಲತಾಣದಲ್ಲಿ ತಾಳೆ ನೋಡಬಹುದು. ಗೊಂದಲ ಇರುವುದು "ಕೌನ್ಸೆಲರ್", "ಥೆರಪಿಸ್ಟ್", "ಲೈಫ್ ಕೋಚ್" ಎಂಬ ಹೆಸರುಗಳಲ್ಲಿ. ಎಂ.ಎ. ಮನಶ್ಶಾಸ್ತ್ರ, ಎಂ.ಎಸ್.ಡಬ್ಲ್ಯೂ. ಮಾಡಿ ವರ್ಷಗಟ್ಟಲೆ ಮಕ್ಕಳ ಜೊತೆ ಕೆಲಸ ಮಾಡಿದ ಒಳ್ಳೆಯ ಕೌನ್ಸೆಲರ್‌ಗಳಿದ್ದಾರೆ. ಕೆಲವೇ ದಿನಗಳ ಸರ್ಟಿಫಿಕೇಟ್ ಕೋರ್ಸ್ ಮಾಡಿದವರೂ ಅದೇ ಹೆಸರು ಹಾಕಿಕೊಳ್ಳುತ್ತಾರೆ. ಆದ್ದರಿಂದ ಹೆಸರು, ಓದಿದ ವಿಶ್ವವಿದ್ಯಾಲಯ, ಹದಿಹರೆಯದವರ ಜೊತೆ ಕೆಲಸ ಮಾಡಿದ ವರ್ಷಗಳು, ಅವರ ಕೆಲಸವನ್ನು ಮೇಲಿನಿಂದ ನೋಡುವ ಹಿರಿಯರು ಯಾರು, ಇಷ್ಟನ್ನೂ ಕೇಳಿ. "ನಮ್ಮ ಸಿಸ್ಟಮ್ ನಿಮಗೆ ಸರಿಹೊಂದುವವರನ್ನು ಆರಿಸಿಕೊಡುತ್ತದೆ" ಎಂದು ಹೆಸರು ಮುಚ್ಚಿಡುವ ಸಂಸ್ಥೆ ಬೇಡ. ಮುಂದಿನ ವಾರವೂ ಇದೇ ವ್ಯಕ್ತಿ ಸಿಗುತ್ತಾರಾ ಎಂದೂ ಕೇಳಬೇಕು. ವಾರಕ್ಕೊಬ್ಬರು ಬದಲಾದರೆ ಮಗು ಪ್ರತಿ ಸಲ ಮೊದಲಿನಿಂದ ಹೇಳಬೇಕಾಗುತ್ತದೆ, ಮೂರನೇ ಸಲಕ್ಕೆ ಹೇಳುವುದನ್ನೇ ಬಿಟ್ಟುಬಿಡುತ್ತದೆ.

ಮಾತ್ರೆಯ ವಿಷಯ ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಅಪ್ರಾಪ್ತರನ್ನು ವೈದ್ಯರು ಆನ್‌ಲೈನಿನಲ್ಲಿ ನೋಡುವಾಗ ಜೊತೆಗೆ ವಯಸ್ಕರೊಬ್ಬರು ಇರಬೇಕು, ಅವರ ಗುರುತೂ ಖಚಿತವಾಗಬೇಕು. ಹದಿನಾರರ ಹುಡುಗನಿಗೆ ಯಾರನ್ನೂ ಕೇಳದೆ ಚೀಟಿ ಕಳಿಸುವ ಕಡೆ ಮತ್ತೆ ಹೋಗಬೇಡಿ.

ನಮ್ಮ ಪಾಲಕರು ಹೆಚ್ಚು ಎಡವುವುದು ಗುಟ್ಟಿನ ವಿಷಯದಲ್ಲಿ. ಸೆಷನ್ ಮುಗಿದ ಕೂಡಲೇ "ಏನಂದ್ಲರಿ?" ಎಂದು ಕೌನ್ಸೆಲರ್‌ಗೆ ಫೋನ್ ಹೋಗುತ್ತದೆ. ಕೇಳುವುದರ ಹಿಂದೆ ಕಾಳಜಿಯೇ ಇದೆ. ಆದರೆ ಹೇಳಿದ್ದು ಮನೆಗೆ ಮುಟ್ಟುತ್ತದೆಂದು ಗೊತ್ತಾದ ಮಗು ಮುಂದಿನ ವಾರದಿಂದ ಬರೀ ಓದು, ಮಾರ್ಕ್ಸು ಅಷ್ಟೇ ಮಾತಾಡುತ್ತದೆ. ಒಳ್ಳೆಯ ಕೌನ್ಸೆಲರ್ ಮೊದಲ ಸೆಷನ್ನಿನಲ್ಲಿ ಹತ್ತು-ಹದಿನೈದು ನಿಮಿಷ ಪಾಲಕರ ಎದುರೇ ಮಾತಾಡಿ, ಏನು ಗುಟ್ಟಾಗಿರುತ್ತದೆ, ಏನು ಇರುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಆಮೇಲೆ ಮಗುವಿನ ಜೊತೆ ಒಂಟಿಯಾಗಿ ಕೂರುತ್ತಾರೆ. ಗುಟ್ಟಾಗಿ ಉಳಿಯದವು ಇವು: ತನ್ನ ಜೀವಕ್ಕೆ ಅಪಾಯ, ಇನ್ನೊಬ್ಬರ ಜೀವಕ್ಕೆ ಅಪಾಯ, ಲೈಂಗಿಕ ದೌರ್ಜನ್ಯ. ಕೊನೆಯದರಲ್ಲಿ ಕೌನ್ಸೆಲರ್‌ಗೂ ಆಯ್ಕೆ ಇಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಮೊದಲೇ ಹೇಳದೆ "ಎಲ್ಲಾ ಗುಟ್ಟು" ಎಂದು ಮಗುವಿಗೆ ಭರವಸೆ ಕೊಡುವವರು ಆಮೇಲೆ ಆ ಮಾತು ಮುರಿಯಬೇಕಾಗುತ್ತದೆ. ಆಗ ಮಗು ಇನ್ನಾರನ್ನೂ ನಂಬುವುದಿಲ್ಲ.

ಗುಟ್ಟು ಹೊರಬೀಳಲು ಕೌನ್ಸೆಲರೇ ಬೇಕೆಂದಿಲ್ಲ. ಖಾತೆ ಅಪ್ಪನ ನಂಬರಿನಲ್ಲಿದ್ದರೆ ಚಾಟ್ ಅಪ್ಪನ ಫೋನಿಗೆ ಬರುತ್ತದೆ. ಪಿಜಿ ರೂಮಿನಲ್ಲಿ ಮೂವರಿರುತ್ತಾರೆ. ಎರಡು ಕೋಣೆಯ ಮನೆಯಲ್ಲಿ ಅಡುಗೆಮನೆಯಿಂದ ಎಲ್ಲಾ ಕೇಳುತ್ತದೆ. ಹಣ ಕಟ್ಟುವ ಮೊದಲು, ವಾರಕ್ಕೊಮ್ಮೆ 50 ನಿಮಿಷ ಮಗು ಎಲ್ಲಿ ಕೂರಬೇಕು ಎಂಬುದನ್ನು ಬಗೆಹರಿಸಿ: ಮಾಳಿಗೆ, ನಿಲ್ಲಿಸಿದ ಕಾರು, ರೂಮಿನವರು ಕ್ಲಾಸಿಗೆ ಹೋದ ಹೊತ್ತು. ಇಯರ್‌ಫೋನ್ ಹಾಕಿದರೆ ಎದುರಿನವರ ಮಾತು ಹೊರಗೆ ಕೇಳುವುದಿಲ್ಲ, ಮಗುವಿನ ಮಾತು ಕೇಳುತ್ತದೆ. ಬಾಗಿಲ ಹೊರಗೆ ರೇಡಿಯೋ ಹಚ್ಚಿಟ್ಟರೂ ಸಹಾಯವಾಗುತ್ತದೆ. ಒಂದು ಸೆಷನ್ನಿನ ವಿಡಿಯೋ ಅರ್ಧ ಜಿಬಿಯಷ್ಟು ಡೇಟಾ ತಿನ್ನಬಹುದು, ಬರೀ ಆಡಿಯೋಗೆ ಅದರ ಹತ್ತನೇ ಒಂದು ಪಾಲೂ ಬೇಡ. ನೆಟ್‌ವರ್ಕ್ ದುರ್ಬಲವಿದ್ದರೆ ತುಂಡುತುಂಡಾಗುವ ವಿಡಿಯೋಗಿಂತ ಸ್ವಚ್ಛ ಆಡಿಯೋ ಎಷ್ಟೋ ಮೇಲು. ಲೈನ್ ಕಡಿದರೆ ಯಾರು, ಎಷ್ಟು ನಿಮಿಷದಲ್ಲಿ ಮತ್ತೆ ಕರೆ ಮಾಡಬೇಕೆಂದು ಮೊದಲೇ ಮಾತಾಗಿರಲಿ. ಅಳುತ್ತಿರುವಾಗ ಕಡಿದ ಕರೆಯನ್ನು ಮಗು "ನನ್ನನ್ನ ಬಿಟ್ಟು ಹೋದ್ರು" ಎಂದೇ ತಿಳಿಯುತ್ತದೆ. ಬರೀ ಚಾಟ್ ಸೇವೆ ನಾಚಿಕೆಯ ಮಗುವಿಗೆ ಮೊದಲ ಮೆಟ್ಟಿಲಾದೀತು, ಚಿಕಿತ್ಸೆಗೆ ಸಾಲದು.

ಶುರುವಿನಲ್ಲಿ ತುಂಬಿಸುವ ಪ್ರಶ್ನಾವಳಿ ಎಲ್ಲಿಗೆ ಹೋಗುತ್ತದೆ ಎಂಬುದೂ ಸಣ್ಣ ಮಾತಲ್ಲ. ಬಳಕೆದಾರರ ಇಮೇಲ್ ಮತ್ತು ಪ್ರಶ್ನಾವಳಿಯ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮುಂತಾದವರಿಗೆ ಕೊಟ್ಟ ಆರೋಪದ ಮೇಲೆ ಬೆಟರ್‌ಹೆಲ್ಪ್ ಎಂಬ ಆನ್‌ಲೈನ್ ಕೌನ್ಸೆಲಿಂಗ್ ಕಂಪನಿಯಿಂದ ಗ್ರಾಹಕರ ಹಿತ ಕಾಯುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ 78 ಲಕ್ಷ ಡಾಲರ್ ಕಟ್ಟಿಸಿತು. ಹದಿಹರೆಯದವರ ಸೇವೆಯನ್ನೂ ನಡೆಸುವ ಕಂಪನಿ ಅದು. ನಮ್ಮಲ್ಲೂ 2023ರ ಡೇಟಾ ಸಂರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕು, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸಬಾರದು ಎನ್ನುತ್ತದೆ. ಖಾತೆ ಅಳಿಸಿದರೆ ದಾಖಲೆ ಅಳಿಯುತ್ತದೆಯೇ ಎಂದು ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.

ಹಣದ ಬಗ್ಗೆ ಹೇಳುವುದಾದರೆ ಹತ್ತು ಸೆಷನ್ನಿನ ಪ್ಯಾಕೇಜ್ ಕೊಳ್ಳಬೇಡಿ. ಒಂದೊಂದೇ ಕಟ್ಟಿ. ಮೊದಲನೆಯದು ಪರಿಚಯಕ್ಕೇ ಹೋಗುತ್ತದೆ. ಮೂರು-ನಾಲ್ಕರ ಹೊತ್ತಿಗೆ ಗುರಿ ಏನೆಂದು ಕೌನ್ಸೆಲರ್ ಬಿಡಿಸಿ ಹೇಳಬೇಕು: ನಿದ್ದೆ ಸರಿಯಾಗುವುದೋ, ಕ್ಲಾಸಿಗೆ ಮರಳುವುದೋ. ಆತಂಕ, ಖಿನ್ನತೆಗೆ ಕೊಡುವ ಸಿಬಿಟಿ ಎಂಬ, ಯೋಚನೆ-ನಡವಳಿಕೆ ತಿದ್ದಿಕೊಳ್ಳಲು ಕಲಿಸುವ ಥೆರಪಿ ಸಾಮಾನ್ಯವಾಗಿ ಎಂಟರಿಂದ ಹದಿನಾರು ಸೆಷನ್ ಹಿಡಿಯುತ್ತದೆ. ಸಾವಿರ ರೂಪಾಯಿಯ ಸೆಷನ್ ಆದರೆ ಕನಿಷ್ಠ ಎಂಟು ಸಾವಿರ. ಅರ್ಧಕ್ಕೆ ನಿಲ್ಲಿಸುವುದಕ್ಕಿಂತ ಈ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು. ಕೈಯಲ್ಲಿ ಹಣವಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇದೆ: 14416. ಹಗಲು ರಾತ್ರಿ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಹಣವಿದ್ದವರೂ ಮೊದಲು ಇಲ್ಲಿಗೆ ಕರೆ ಮಾಡಲಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಕೌನ್ಸೆಲಿಂಗ್ ಸಾಕೇ, ವೈದ್ಯರು ಬೇಕೇ ಎಂಬ ಮೊದಲ ದಿಕ್ಕು ಅಲ್ಲೇ ಸಿಗುತ್ತದೆ.

ಕೆಲವು ಸ್ಥಿತಿಗಳು ಪರದೆಯ ಕೆಲಸವೇ ಅಲ್ಲ. ಸಾಯುವ ಮಾತು, ಕೈ ಕೊಯ್ದುಕೊಂಡ ಗುರುತು, ಯಾರೂ ಇಲ್ಲದಾಗ ದನಿ ಕೇಳಿಸುವುದು, ದಿನಗಟ್ಟಲೆ ಅನ್ನ ಬಿಡುವುದು, ಮಾದಕ ವಸ್ತು. ಇಂಥಲ್ಲಿ ಮಗುವನ್ನು ನೇರ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ, ಹುಬ್ಬಳ್ಳಿಯ ಕೆಎಂಸಿ-ಆರ್‌ಐ ಅಂದರೆ ಹಳೆಯ ಕಿಮ್ಸ್‌ಗೆ, ಇಲ್ಲವೇ ಗದಗ, ಹಾವೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕರೆದೊಯ್ಯಿರಿ. ತುರ್ತಿದ್ದರೆ 112. ಮನೆಯಲ್ಲೇ ಹಿಂಸೆ ಇದ್ದರೆ ಮಗು ತಾನೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಆನ್‌ಲೈನ್ ಸೇವೆಯನ್ನು ಆರಿಸುವಾಗ ಹೀಗೆ ಕೇಳಿ: "ಮಗು ಗದಗಿನ್ಯಾಗ ಐತಿ. ರಾತ್ರಿ ಹನ್ನೊಂದಕ್ಕ ಸಾಯ್ಬೇಕು ಅಂತ ಅಂದ್ರ ನೀವೇನ್ ಮಾಡ್ತೀರಿ?" ಲೈನಿನಲ್ಲೇ ಇರುತ್ತೇವೆ, ನಿಮಗೂ ಕರೆ ಮಾಡುತ್ತೇವೆ, ಮಗು ಇರುವ ವಿಳಾಸ ಮತ್ತು ಹತ್ತಿರದ ಆಸ್ಪತ್ರೆ ಮೊದಲೇ ಬರೆದಿಟ್ಟಿರುತ್ತೇವೆ ಎಂಬ ಉತ್ತರ ಬರಬೇಕು. "ಆ್ಯಪಿನಲ್ಲಿ ದೂರು ಹಾಕಿ, ನೋಡುತ್ತೇವೆ" ಎಂದರೆ ಅಲ್ಲಿಗೇ ಬಿಡಿ. ಒಕ್ಕಲುತನದ ಮನೆಯವರು ಇನ್ನೊಂದು ಕೆಲಸ ಇವತ್ತೇ ಮಾಡಬೇಕು: ಹತ್ತಿಗೆ, ಮೆಣಸಿನಗಿಡಕ್ಕೆ ಹೊಡೆಯುವ ಎಣ್ಣಿ (ಕೀಟನಾಶಕ) ಬಾಟ್ಲಿಗಳನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿ, ಕೀಲಿಕೈ ದೊಡ್ಡವರ ಹತ್ತಿರ ಇರಲಿ. ಮನೆಯ ಮಾತ್ರೆಗಳೂ ಅದೇ ಪೆಟ್ಟಿಗೆಗೆ.

ನಾಲ್ಕು ಸೆಷನ್ ಆದ ಮೇಲೂ ಮಗು "ಅವ್ರ ಕೂಡ ಮಾತಾಡಾಕ ಆಗವಲ್ದು" ಎಂದರೆ ಕೌನ್ಸೆಲರ್ ಬದಲಿಸಿ. ಕೌನ್ಸೆಲಿಂಗೇ ಬೇಡವೆಂದು ಕೈಬಿಡಬೇಡಿ. ಬಿಡುವಾಗ ಇಲ್ಲಿವರೆಗೆ ನಡೆದದ್ದರ ಒಂದು ಪುಟದ ಸಾರಾಂಶ ಕೇಳಿ ತಗೊಳ್ಳಿ. ಅದರಲ್ಲಿ ಏನು ಬರೆಯಬೇಕು, ಏನು ಬರೆಯಬಾರದು ಎಂದು ಮಗುವನ್ನೇ ಕೇಳಲು ಕೌನ್ಸೆಲರ್‌ಗೆ ಹೇಳಿ.