ಇವತ್ತು ರಾತ್ರಿ ಹನ್ನೆರಡರವರೆಗೆ ಮಾತ್ರ!

ಆನ್‌ಲೈನ್ ಕೋರ್ಸಿಗೆ ಜನ ಸೇರಲಿ ಅಂತ ಗಡುವು ಹಾಕಿ ಬೋನಸ್ ಕೊಡುವುದು ಸರಿಯಾ?

ಪರ: "ನೋಡಣ" ಅನ್ನುವವರಿಗೆ ಒಂದು ತಾರೀಖು ಬೇಕು

ನಾನು ಶಿವಮೊಗ್ಗದ ಮನೆಯಿಂದಲೇ ಆನ್‌ಲೈನಿನಲ್ಲಿ ಆರಿ ವರ್ಕ್ ಕಲಿಸುತ್ತೇನೆ. ಬ್ಲೌಸಿನ ತೋಳಿಗೆ, ಬೆನ್ನಿಗೆ ಹಾಕುವ ಕಸೂತಿ. ಪ್ರತಿ ಬ್ಯಾಚಿಗೂ ಒಂದು ಗಡುವು ಇರುತ್ತದೆ. ಶನಿವಾರದೊಳಗೆ ಸೇರಿದವರಿಗೆ ಸೂಜಿ, ಮಣಿ, ಜರಿ ನೂಲಿನ ಕಿಟ್ ಉಚಿತ. ಜತೆಗೆ ಅರ್ಧ ಗಂಟೆ ನಾನೇ ವಿಡಿಯೋ ಕಾಲ್ ಮಾಡಿ ಅವರ ಕೈ ತಿದ್ದುತ್ತೇನೆ. ಭಾನುವಾರ ಕೇಳಿದರೆ ಎರಡೂ ಇಲ್ಲ.

ಇದನ್ನು ಗಿಮಿಕ್ ಅನ್ನುವವರಿದ್ದಾರೆ. ಅನ್ನಲಿ. ನಮ್ಮ ಕಡೆಯವರ ಉತ್ತರ ಗೊತ್ತಲ್ಲ, "ನೋಡಣ". ಫೀಸು ಕೇಳುತ್ತಾರೆ, ಡೆಮೊ ನೋಡುತ್ತಾರೆ, ಇಷ್ಟವೂ ಆಗುತ್ತದೆ. ಆಮೇಲೆ "ನೋಡಣ ಮೇಡಂ". ಅದು ಬೇಡ ಅಂತಲ್ಲ. ಹಬ್ಬ ಕಳೆಯಲಿ, ಕೊಯ್ಲು ಮುಗಿಯಲಿ, ಮಕ್ಕಳ ಪರೀಕ್ಷೆ ಆಗಲಿ ಅಂತ. ಹೀಗೇ ಎರಡು ವರ್ಷದಿಂದ ನೋಡುತ್ತಲೇ ಇರುವವರ ನಂಬರು ನನ್ನ ಫೋನಿನಲ್ಲಿದೆ. ಅಲ್ಲ, ಮಲೆನಾಡಿನ ಮನೆಗಳಲ್ಲಿ ಸೌದೆ, ದರಗು (ಉದುರಿದ ಒಣ ಎಲೆ) ಒಳಗೆ ಬರುವುದು ಯಾವಾಗ? ಮೇ ಕೊನೆಗೆ ಮೋಡ ಕಟ್ಟಿದ ಮೇಲೆ. ಬೇಸಿಗೆ ಪೂರ್ತಿ ಪುರುಸೊತ್ತು ಇದ್ದರೂ ಅಷ್ಟೇ.

ಇದು ನಮ್ಮವರದ್ದೊಂದೇ ಸ್ವಭಾವವೂ ಅಲ್ಲ. 1992ರಲ್ಲಿ ಟ್ವರ್ಸ್ಕಿ ಮತ್ತು ಶಾಫಿರ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಉದ್ದದ ಪ್ರಶ್ನಾವಳಿ ತುಂಬಿ ತಂದ ವಿದ್ಯಾರ್ಥಿಗಳಿಗೆ 5 ಡಾಲರ್. 5 ದಿನದ ಗಡುವು ಇದ್ದವರಲ್ಲಿ ಶೇ. 60 ಮಂದಿ ತಂದುಕೊಟ್ಟರು. ಗಡುವೇ ಇಲ್ಲದವರಲ್ಲಿ ಶೇ. 25 ಮಾತ್ರ. ಅದೇ ದುಡ್ಡು, ಅದೇ ಕೆಲಸ.

ನನ್ನ ಕಡೆಯ ಲೆಕ್ಕವೂ ಇದೆ. ಎಷ್ಟು ಕಿಟ್ ತರಿಸಬೇಕು ಅಂತ ಮೊದಲೇ ಗೊತ್ತಾಗಬೇಕು. ಒಬ್ಬೊಬ್ಬರಿಗೇ ಕಾಲ್ ಮಾಡಲು ವಾರದಲ್ಲಿ ನನಗೆ ಸಿಗುವುದು ಆರು ಗಂಟೆ, ಅಂದರೆ ಹನ್ನೆರಡು ಜನ. ಸೀಟು ತುಂಬಲಿಲ್ಲ ಅಂತ ಕೊನೆಗೆ ಫೀಸು ಇಳಿಸಿದರೆ ಮೊದಲೇ ಕಟ್ಟಿದವರು ಬೈಯುತ್ತಾರೆ, ಬೈಯಬೇಕಾದ್ದೇ. ಬೋನಸ್ಸಿನಲ್ಲಿ ಮೊದಲು ಬಂದವರಿಗೇ ಲಾಭ.

ಒಂದು ಸಲ ಕೊಪ್ಪದ ಕಡೆಯವರೊಬ್ಬರು ಭಾನುವಾರ ಬೆಳಗ್ಗೆ ಫೋನ್ ಮಾಡಿ, ರಾತ್ರಿಯೆಲ್ಲಾ ಕರೆಂಟಿರಲಿಲ್ಲ ಅಂದರು. ಕಿಟ್ ಕೊಟ್ಟುಬಿಟ್ಟೆ. ಅಷ್ಟು ಬಿಗಿಯಾಗಿರಲು ನನಗೂ ಬರುವುದಿಲ್ಲ.

ವಿರೋಧ: ಅಪ್ಪಯ್ಯ ಅಡಿಕೆ ಮಾರುವ ಹಾಗೆ

ನಮ್ಮದು ಹೊಸನಗರ ತಾಲೂಕು. ಅಪ್ಪಯ್ಯ ಅಡಿಕೆ ಒಣಗಿಸಿ, ಚೀಲಕ್ಕೆ ತುಂಬಿ, ಧಾರಣೆ ಕಾಯುತ್ತಾ ಕೂರುವವರು. ಮನೆಗೆ ಬಂದ ವ್ಯಾಪಾರಿ "ಇವತ್ತೇ ಕೊಟ್ಟರೆ ಕ್ವಿಂಟಾಲಿಗೆ ಐನೂರು ಜಾಸ್ತಿ" ಅಂದರೆ ಕಾಫಿ ಕುಡಿಸಿ ಕಳಿಸುತ್ತಾರೆ. ಅವಸರ ಇರುವುದು ಅವನಿಗೆ, ನಮಗೇನು ಅನ್ನುತ್ತಾರೆ. ಅಂಥವರ ಮನೆಯಲ್ಲೇ ನನ್ನ ತಂಗಿ ಹದಿನೈದು ನಿಮಿಷದಲ್ಲಿ ಒಂದು ಕೋರ್ಸು ಕೊಂಡಳು.

ಬಿ.ಕಾಂ ಮುಗಿಸಿದ್ದಳು. ಟ್ಯಾಲಿ, ಜಿಎಸ್‌ಟಿ ಕಲಿಸುತ್ತೇವೆ ಅಂತ ರಾತ್ರಿ ಒಂದು ವೆಬಿನಾರ್. ಅದರ ಕೊನೆಗೆ ಪರದೆಯ ಮೇಲೆ ಗಡಿಯಾರ ಹಿಂದಕ್ಕೆ ಓಡತೊಡಗಿತು. ಈಗಲೇ ಸೇರಿದರೆ ರೆಸ್ಯೂಮೆ ಮಾಡಿಕೊಡುತ್ತೇವೆ, ಇಂಟರ್‌ವ್ಯೂ ತರಬೇತಿ ಕೊಡುತ್ತೇವೆ, ಹತ್ತು ಇ-ಪುಸ್ತಕ ಉಚಿತ. ಅಪ್ಪಯ್ಯ ಮಲಗಿದ್ದರು. ನನಗೆ ಮೂರು ಸಲ ಫೋನ್ ಮಾಡಿದ್ದಾಳೆ. ನಾನು ಬಸ್ಸಿನಲ್ಲಿ ಹುಲಿಕಲ್ ಘಾಟಿ ಇಳಿಯುತ್ತಿದ್ದೆ, ಸಿಗ್ನಲ್ ಇರಲಿಲ್ಲ.

ದುಡ್ಡು ಹೋದದ್ದು ಹೋಯಿತು. ನನಗೆ ಸಿಟ್ಟು ಬೇರೆಯದಕ್ಕೆ. ನಮ್ಮ ಮನೆಗಳಲ್ಲಿ ದುಡ್ಡಿನ ತೀರ್ಮಾನ ಒಬ್ಬರದಲ್ಲ. ಊಟಕ್ಕೆ ಕೂತಾಗ ಮಾತು ಬರುತ್ತದೆ. ಅಮ್ಮ ಏನೋ ಒಂದು ಅನುಮಾನ ತೆಗೆಯುತ್ತಾರೆ. ಪಕ್ಕದೂರಿನ ಯಾರೋ ಅದೇ ಕೋರ್ಸು ಮಾಡಿ ಸುಮ್ನೆ ಕೂತಿದ್ದಾರೆ ಅಂತ ಸುದ್ದಿ ಹೊರಬೀಳುತ್ತದೆ. ಎರಡು ದಿನದ ಈ ಮಾತುಕತೆಯೇ ಆಗಬಾರದು ಅಂತ ಗಡಿಯಾರ ಇಟ್ಟಿರುವುದು. ಹನ್ನೆರಡು ದಿನ ಬಿಟ್ಟು ನಾನು ನನ್ನ ಫೋನಿನಲ್ಲಿ ಅದೇ ಪುಟ ತೆರೆದೆ. ಗಡಿಯಾರ ಮತ್ತೆ ಹದಿನೈದು ನಿಮಿಷದಿಂದ ಶುರುವಾಯಿತು!

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 'ಡಾರ್ಕ್ ಪ್ಯಾಟರ್ನ್' ಅನ್ನುವ 13 ಬಗೆಯ ಆನ್‌ಲೈನ್ ಮೋಸಗಳ ಪಟ್ಟಿ ಇದೆ. ಮೊದಲನೆಯದೇ ಸುಳ್ಳು ಅವಸರ ಹುಟ್ಟಿಸುವುದು. 2024ರ ನವೆಂಬರಿನಲ್ಲಿ ಕೋಚಿಂಗ್ ಸಂಸ್ಥೆಗಳ ಜಾಹೀರಾತಿಗೂ ಇದನ್ನು ಹೇಳಿದರು. ನಿಜವಾದ ಗಡುವಿಗೆ ಇವು ಅಡ್ಡಿ ಮಾಡುವುದಿಲ್ಲ, ಒಪ್ಪುತ್ತೇನೆ. ಆದರೆ ರಾತ್ರಿ ಹನ್ನೊಂದಕ್ಕೆ ಮೊಬೈಲ್ ಹಿಡಿದು ಕೂತವಳಿಗೆ ನಿಜ ಯಾವುದು, ಸುಳ್ಳು ಯಾವುದು ಅಂತ ಹೇಗೆ ಗೊತ್ತಾಗಬೇಕು? ಸರ್ಕಾರದ 'ಸ್ವಯಂ' ಕೋರ್ಸುಗಳಿಗೂ ಸೇರುವ ಕೊನೆ ದಿನ ಇರುತ್ತದೆ. ಅದು ಮುಂಚೆಯೇ ಗೊತ್ತಿರುತ್ತದೆ, ಪಾಠ ಉಚಿತ, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆಗೆ ಫೀಸು. ಅಲ್ಲಿ ಯಾರೂ ಬೆನ್ನು ಹತ್ತುವುದಿಲ್ಲ.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡು, ದೂರು ಕೊಡೋಣ ಅಂದೆ. ತಂಗಿ ಬೇಡವೇ ಬೇಡ ಅಂದಳು. "ಅಪ್ಪಯ್ಯಂಗೆ ಗೊತ್ತಾಗ್ತದೆ ಅಣ್ಣ, ಬಿಡು."